ಅಮ್ಮನ ಬೆನ್ನುಮೂಳೆ ಕುಸಿದಿದೆ: ಗಡ್ಡೆಯೋ, ಮೂಳೆ ಸವೆತವೋ ಅಂತ ಎಂಆರ್‌ಐ ಹೇಳಬಲ್ಲದೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನ್ನ ತಾಯಿಗೆ 63 ವರ್ಷ. ಒಂಬತ್ತು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಆಗಿ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಆಯಿತು. ಆಮೇಲೆ ಐದು ವರ್ಷ ಲೆಟ್ರೋಜೋಲ್ ಮಾತ್ರೆ ತೆಗೆದುಕೊಂಡರು. ಸಕ್ಕರೆ ಕಾಯಿಲೆಯೂ ಇದೆ. ಐದು ವಾರದ ಹಿಂದೆ ನೀರು ತುಂಬಿದ ಬಕೆಟ್ ಎತ್ತುವಾಗ ಬೆನ್ನು ಛಳಕ್ ಅಂದಿತಂತೆ. ಅವತ್ತಿನಿಂದ ನೋವು ಬಿಟ್ಟಿಲ್ಲ. ಎಂಆರ್‌ಐ ಮಾಡಿಸಿದೆವು. ‘ಡಿ12 ಮಣಿ ಕುಸಿದಿದೆ, ಮಜ್ಜೆಯ ಸಿಗ್ನಲ್ ಬದಲಾಗಿದೆ. ಎಲ್2ರಲ್ಲಿ (ಸೊಂಟದ ಎರಡನೇ ಮಣಿ) ಟಿ1, ಟಿ2 ಎರಡು ಬಗೆಯ ಚಿತ್ರದಲ್ಲೂ ಬೆಳ್ಳಗೆ ಕಾಣುವ ಸಣ್ಣ ಲೀಷನ್ ಇದೆ. ಆಸ್ಟಿಯೋಪೊರೋಸಿಸ್‌ನಿಂದ (ಮೂಳೆ ಸವೆತ) ಆದ ಮುರಿತ, ಹರಡಿದ ಕ್ಯಾನ್ಸರ್, ಸೋಂಕು ಮೂರನ್ನೂ ಯೋಚಿಸಬೇಕು’ ಅಂತ ರಿಪೋರ್ಟ್ ಬಂದಿದೆ. ಒಬ್ಬ ವೈದ್ಯರು ‘ಅಡ್ವಾನ್ಸ್ಡ್ ಎಂಆರ್‌ಐ’ ಮಾಡಿಸಿ ಅಂದರು. ಇನ್ನೊಬ್ಬರು ನೇರವಾಗಿ ಬಯಾಪ್ಸಿ ಅಂದರು. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅಂತ ಮನೆಯಲ್ಲಿ ಎಲ್ಲರೂ ಹೆದರಿದ್ದಾರೆ. ಸ್ಕ್ಯಾನ್ ಇಂಜೆಕ್ಷನ್‌ನಿಂದ ಕಿಡ್ನಿ ಹಾಳಾಗುತ್ತಾ ಅನ್ನೋ ಚಿಂತೆ ಬೇರೆ. ಸದ್ಯಕ್ಕೆ ಕಾಲಿನ ಶಕ್ತಿ ಸರಿಯಾಗಿದೆ. ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಎಲ್ಲದರ ಹಿಂದೆ ಇರುವ ಭಯ ಮಾತ್ರ ಒಂದೇ: ಮುಗಿಯಿತು ಅಂದುಕೊಂಡಿದ್ದ ಕ್ಯಾನ್ಸರ್ ಈಗ ಅಮ್ಮನ ಬೆನ್ನಿಗೆ ಬಂದು ಕೂತಿದೆಯಾ?

ಈ ಭಯಕ್ಕೆ ಕಾರಣ ಇದೆ. ಹಾರ್ಮೋನ್ ಆಧಾರದಲ್ಲಿ ಬೆಳೆಯುವ ಸ್ತನ ಕ್ಯಾನ್ಸರ್ ಹತ್ತು ವರ್ಷ ಕಳೆದ ಮೇಲೂ ಮರಳಬಹುದು. ಮರಳಿದಾಗ ಮೂಳೆಗೆ ಬರುವುದು ಜಾಸ್ತಿ. ನಿಮ್ಮ ತಾಯಿಗೆ ಲೆಟ್ರೋಜೋಲ್ ಕೊಟ್ಟಿದ್ದರು ಅಂದರೆ ಅವರದು ಆ ಬಗೆಯದೇ. ಆದರೆ ಅದೇ ಮಾತ್ರೆಯ ಇನ್ನೊಂದು ಗುಣವನ್ನೂ ನೀವು ತಿಳಿದಿರಬೇಕು. ಲೆಟ್ರೋಜೋಲ್ ದೇಹದ ಈಸ್ಟ್ರೋಜೆನ್ ತಗ್ಗಿಸುತ್ತದೆ. ಈಸ್ಟ್ರೋಜೆನ್ ತಗ್ಗಿದರೆ ಮೂಳೆ ಸವೆಯುತ್ತದೆ. 63 ವರ್ಷ, ಐದು ವರ್ಷದ ಮಾತ್ರೆ, ಭಾರ ಎತ್ತಿದ ಕ್ಷಣದಲ್ಲೇ ಶುರುವಾದ ನೋವು, ಅದೂ ಡಿ12ರಲ್ಲಿ. ಎದೆಭಾಗದ ಬೆನ್ನು ಮುಗಿದು ಸೊಂಟದ ಭಾಗ ಶುರುವಾಗುವ ಈ ಜಾಗದಲ್ಲೇ ಸವೆದ ಮೂಳೆ ಹೆಚ್ಚಾಗಿ ಕುಸಿಯುವುದು. ಹಾಗಾಗಿ ಅಮ್ಮನ ಕತೆ ಎರಡೂ ಕಡೆಗೆ ವಾಲುತ್ತದೆ. ರಿಪೋರ್ಟ್ ಬರೆದವರು ಮೂರು ಹೆಸರು ಬರೆದದ್ದು ಅದಕ್ಕೇ. ಮೂರಕ್ಕೂ ಸಮಾನ ಸಾಧ್ಯತೆ ಇದೆ ಅಂತ ಅದರ ಅರ್ಥವಲ್ಲ. ‘ಲೀಷನ್’ ಅನ್ನುವ ಪದವೂ ಹಾಗೇ. ಸುತ್ತಲಿಗಿಂತ ಬೇರೆಯಾಗಿ ಕಾಣುವ ಯಾವುದೇ ಜಾಗಕ್ಕೆ ನಾವು ಲೀಷನ್ ಅನ್ನುತ್ತೇವೆ. ಗಡ್ಡೆ ಅಂತ ಓದಿಕೊಳ್ಳಬೇಡಿ.

ಮುಂದಕ್ಕೆ ಓದುವ ಮೊದಲು ಒಂದು ಮಾತು. ಕಾಲಿನಲ್ಲಿ ಬಲ ಕಡಿಮೆಯಾದರೆ, ನಡೆಯುವಾಗ ತೂರಾಡಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಾಗದೆ ಹೋದರೆ, ಕೂರುವ ಜಾಗ ಜೋಮು ಹಿಡಿದರೆ, ಆ ದಿನವೇ ಆಸ್ಪತ್ರೆಗೆ ಹೋಗಿ. ರಾತ್ರಿಯಾದರೂ ಹೋಗಿ. ಬೆನ್ನುಹುರಿ ಒತ್ತಿಹೋಗುತ್ತಿದೆ ಅಂತ ಅರ್ಥ. ಕಾರಣ ಯಾವುದೇ ಇರಲಿ, ಅಲ್ಲಿ ಗಂಟೆಗಳ ಲೆಕ್ಕ. ಸದ್ಯ ನಿಮ್ಮ ತಾಯಿಗೆ ಇದ್ಯಾವುದೂ ಇಲ್ಲ. ಹಾಗಾಗಿ ನಿಧಾನವಾಗಿ ಸರಿಯಾದ ದಾರಿ ಹುಡುಕಲು ನಮಗೆ ಸಮಯ ಇದೆ.

‘ಅಡ್ವಾನ್ಸ್ಡ್ ಎಂಆರ್‌ಐ’ ಅಂದಾಗ ಎಲ್ಲೋ ಒಂದು ಬೇರೆಯೇ ಯಂತ್ರ ಇದೆ, ಅದರೊಳಗೆ ಮಲಗಿಸಿದರೆ ಗಡ್ಡೆ ಹೌದೋ ಅಲ್ಲವೋ ಅಂತ ಉತ್ತರ ಬರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಯಂತ್ರ ಸಾಮಾನ್ಯವಾಗಿ ಅದೇ. ಅದಕ್ಕೆ ಕೇಳುವ ಪ್ರಶ್ನೆಗಳು ಬೇರೆ. ಪ್ರತಿ ಪ್ರಶ್ನೆಗೂ ಒಂದೊಂದು ಬಗೆಯ ಚಿತ್ರ, ಅದನ್ನೇ ಸೀಕ್ವೆನ್ಸ್ ಅನ್ನುತ್ತೇವೆ. ಮಾಮೂಲಿ ಸ್ಕ್ಯಾನ್ ಆಕಾರ ಮತ್ತು ಬಣ್ಣ ತೋರಿಸುತ್ತದೆ. ಹೆಚ್ಚಿನ ಸೀಕ್ವೆನ್ಸ್‌ಗಳು ಆ ಜಾಗ ಯಾವುದರಿಂದ ಆಗಿದೆ ಅಂತ ಕೇಳುತ್ತವೆ. ಅಮ್ಮನ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬಹಳ ಸರಳ: ಆ ಮಜ್ಜೆಯಲ್ಲಿ ಕೊಬ್ಬು ಉಳಿದಿದೆಯಾ?

ಕೊಬ್ಬು ಯಾಕೆ ಅಂತ ಹೇಳುತ್ತೇನೆ. ದೊಡ್ಡವರ ಬೆನ್ನುಮೂಳೆಯ ಮಣಿಯೊಳಗಿನ ಮಜ್ಜೆಯಲ್ಲಿ ಕೊಬ್ಬು ಧಾರಾಳವಾಗಿ ಇರುತ್ತದೆ. ವಯಸ್ಸಾದಂತೆ ಇನ್ನೂ ಹೆಚ್ಚುತ್ತದೆ. ಟಿ1 ಅನ್ನುವ ಚಿತ್ರದಲ್ಲಿ ಕೊಬ್ಬು ಬೆಳ್ಳಗೆ ಕಾಣುತ್ತದೆ, ಹಾಗಾಗಿ ಆರೋಗ್ಯವಾದ ಮಣಿ ಪಕ್ಕದ ಡಿಸ್ಕ್‌ಗಿಂತ ಬೆಳ್ಳಗಿರಬೇಕು. ಕ್ಯಾನ್ಸರ್ ಜೀವಕೋಶಗಳು ಬಂದಾಗ ಈ ಕೊಬ್ಬನ್ನು ತಳ್ಳಿ ತಾವು ಕೂರುತ್ತವೆ. ಮಣಿ ಡಿಸ್ಕ್‌ನಷ್ಟೇ ಅಥವಾ ಅದಕ್ಕಿಂತ ಕಪ್ಪಾಗುತ್ತದೆ. ಇಷ್ಟೇ ಆಗಿದ್ದರೆ ನಮ್ಮ ಕೆಲಸ ಸುಲಭವಿತ್ತು. ತೊಂದರೆ ಏನೆಂದರೆ, ಹೊಸದಾಗಿ ಮುರಿದ ಮೂಳೆಯಲ್ಲೂ ರಕ್ತ, ನೀರು ತುಂಬಿ ಟಿ1ರಲ್ಲಿ ಕಪ್ಪಾಗಿಯೇ ಕಾಣುತ್ತದೆ. ಐದು ವಾರದ ಮುರಿತ, ಕ್ಯಾನ್ಸರ್‌ನಿಂದ ಕುಸಿದ ಮಣಿ, ಎರಡನ್ನೂ ಮಾಮೂಲಿ ಚಿತ್ರದಲ್ಲಿ ಪಕ್ಕಪಕ್ಕ ಇಟ್ಟರೆ ಎಷ್ಟೋ ಸಲ ಅವಳಿಗಳ ಹಾಗೆ ಇರುತ್ತವೆ.

ಆದರೂ ಮಾಮೂಲಿ ಸ್ಕ್ಯಾನ್‌ನಲ್ಲೇ ಸುಳಿವು ಸಾಕಷ್ಟು ಇರುತ್ತದೆ. ನಾನು ಮೊದಲು ನೋಡುವುದು ಮಣಿಯ ಹಿಂಬದಿಯ ಗೋಡೆ. ಸವೆತದಿಂದ ಕುಸಿದ ಮಣಿಯಲ್ಲಿ ಗೋಡೆ ಒಡೆದು, ಒಂದು ಮೂಲೆ ಚೂಪಾಗಿ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಗಡ್ಡೆಯಿದ್ದರೆ ಆ ಗೋಡೆ ತುಂಬಿದ ಚೀಲದ ಹಾಗೆ ಉಬ್ಬಿರುತ್ತದೆ. ಆಮೇಲೆ ಮಣಿಯ ಕಂಬಗಳು, ಅಂದರೆ ಪೆಡಿಕಲ್. ಅಲ್ಲೂ ಮಜ್ಜೆ ಪೂರ್ತಿ ಹೋಗಿದ್ದರೆ, ಮೂಳೆ ದಾಟಿ ಮಾಂಸದಂತಹ ಗಂಟು ಹೊರಗೆ ಬಂದಿದ್ದರೆ ಅನುಮಾನ ಬಲವಾಗುತ್ತದೆ. ಇದಕ್ಕೆ ಎದುರಾಗಿ, ಕುಸಿದ ಮೇಲ್ಮೈ ಕೆಳಗೆ ನೀರಿನ ಒಂದು ತೆಳುವಾದ ಗೆರೆ ಕಂಡರೆ ನನಗೆ ಸಮಾಧಾನ. ಟಿ2 ಚಿತ್ರದಲ್ಲಿ ಆ ಗೆರೆ ಹೊಳೆಯುತ್ತಿರುತ್ತದೆ. ಗಡ್ಡೆ ತುಂಬಿದ ಮಣಿಯಲ್ಲಿ ನೀರು ಹೀಗೆ ಸೇರಿಕೊಳ್ಳಲು ಖಾಲಿ ಜಾಗ ಸಾಮಾನ್ಯವಾಗಿ ಇರುವುದಿಲ್ಲ. ಕುಸಿದ ಮಣಿಯ ಹಿಂಭಾಗದಲ್ಲಿ ಬಿಳಿ ಮಜ್ಜೆ ಒಂದಿಷ್ಟು ಹಾಗೇ ಉಳಿದಿದ್ದರೂ ಅದು ಒಳ್ಳೆಯ ಲಕ್ಷಣ.

ಇಷ್ಟರಲ್ಲಿ ತೀರ್ಮಾನ ಆಗದಿದ್ದರೆ ಮುಂದಿನ ಸೀಕ್ವೆನ್ಸ್‌ಗಳು. ಇದರಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವುದು ಕೆಮಿಕಲ್ ಶಿಫ್ಟ್ ಅನ್ನುವ ಚಿತ್ರ. ನೀರಿನಲ್ಲಿರುವ ಹೈಡ್ರೋಜನ್, ಕೊಬ್ಬಿನಲ್ಲಿರುವ ಹೈಡ್ರೋಜನ್ ಎರಡೂ ಅಯಸ್ಕಾಂತದೊಳಗೆ ಬುಗುರಿಯ ಹಾಗೆ ಸುತ್ತುತ್ತವೆ. ವೇಗದಲ್ಲಿ ಮಾತ್ರ ಒಂಚೂರು ವ್ಯತ್ಯಾಸ. ಹಾಗಾಗಿ ಒಂದು ಗಳಿಗೆಯಲ್ಲಿ ಎರಡೂ ಒಂದೇ ಕಡೆ ಮುಖ ಮಾಡಿರುತ್ತವೆ, ಇನ್ನೊಂದು ಗಳಿಗೆಯಲ್ಲಿ ಎದುರುಬದುರು. 1.5 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಯಂತ್ರದಲ್ಲಿ ಸುಮಾರು 2.3 ಮಿಲಿಸೆಕೆಂಡಿಗೆ ಎದುರುಬದುರಾಗುತ್ತವೆ, 4.6ಕ್ಕೆ ಮತ್ತೆ ಜೊತೆಯಾಗುತ್ತವೆ. ಎರಡೂ ಗಳಿಗೆಯಲ್ಲಿ ಒಂದೊಂದು ಚಿತ್ರ ತೆಗೆಯುತ್ತೇವೆ. ಎದುರುಬದುರಾದಾಗ ನೀರು ಮತ್ತು ಕೊಬ್ಬಿನ ಸಿಗ್ನಲ್ ಒಂದನ್ನೊಂದು ಕಳೆಯುತ್ತವೆ. ಮಜ್ಜೆಯಲ್ಲಿ ಕೊಬ್ಬು ಉಳಿದಿದ್ದರೆ ಆ ಚಿತ್ರದಲ್ಲಿ ಮಣಿ ಕಪ್ಪಾಗಬೇಕು. ಕೊಬ್ಬೇ ಇಲ್ಲದಿದ್ದರೆ ಕಳೆಯಲು ಏನೂ ಇಲ್ಲ, ಮಣಿ ಇದ್ದ ಹಾಗೇ ಇರುತ್ತದೆ.

ಪರದೆಯ ಮೇಲೆ ಎರಡು ಚಿತ್ರ ಪಕ್ಕಪಕ್ಕ ತೆರೆದು, ಕುಸಿದ ಮಣಿಯ ಮೇಲೆ ಒಂದು ಸಣ್ಣ ವೃತ್ತ ಎಳೆಯುತ್ತೇನೆ. ಅದೇ ವೃತ್ತ ಇನ್ನೊಂದು ಚಿತ್ರದ ಮೇಲೂ ಬೀಳುತ್ತದೆ. ಎರಡು ಸಂಖ್ಯೆ ಬರುತ್ತವೆ. ಮೊದಲನೆಯದು 200, ಎರಡನೆಯದು 120 ಅಂದರೆ 40% ಇಳಿದಿದೆ, ಕೊಬ್ಬು ಉಳಿದಿದೆ. 200 ಇದ್ದದ್ದು 195ರಲ್ಲಿ ನಿಂತರೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇನೆ. ಸಾಮಾನ್ಯವಾಗಿ 20%ಕ್ಕಿಂತ ಜಾಸ್ತಿ ಇಳಿದರೆ ಕ್ಯಾನ್ಸರ್ ಅಲ್ಲದ ಕಾರಣದ ಕಡೆಗೆ ತಕ್ಕಡಿ ವಾಲುತ್ತದೆ. 3 ಟೆಸ್ಲಾ ಯಂತ್ರದಲ್ಲಿ ಈ ಗಡಿ ಸ್ವಲ್ಪ ಬೇರೆ.

ಇದಕ್ಕೂ ಮಿತಿ ಇದೆ. ಕ್ಯಾನ್ಸರ್ ಹರಡಿದ ಮೂಳೆ ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಸಂಖ್ಯೆ ದಾರಿ ತಪ್ಪಿಸುತ್ತದೆ. ಮೈಲೋಮಾದ (ಮಜ್ಜೆಯಲ್ಲೇ ಹುಟ್ಟುವ ಒಂದು ಕ್ಯಾನ್ಸರ್) ಶುರುವಿನಲ್ಲಿ ಕೊಬ್ಬಿನ ಜೊತೆಗೇ ಕ್ಯಾನ್ಸರ್ ಕೋಶಗಳೂ ಹರಡಿಕೊಂಡಿರಬಹುದು. ಕಿಡ್ನಿಯ ಕೆಲವು ಕ್ಯಾನ್ಸರ್‌ಗಳು ತಮ್ಮೊಳಗೇ ಕೊಬ್ಬು ಇಟ್ಟುಕೊಂಡಿರುತ್ತವೆ. ಅದಕ್ಕೇ ಒಂದೇ ಸಂಖ್ಯೆ ಹಿಡಿದು ಯಾರೂ ತೀರ್ಪು ಕೊಡಬಾರದು.

ಎರಡನೆಯದು ಡಿಫ್ಯೂಷನ್. ಇದು ನೀರಿನ ಕಣಗಳ ಓಡಾಟ ಅಳೆಯುತ್ತದೆ. ಗಡ್ಡೆಯಲ್ಲಿ ಕೋಶಗಳು ಒತ್ತೊತ್ತಾಗಿ ಕೂತಿರುವುದರಿಂದ ನೀರಿಗೆ ಸರಾಗವಾಗಿ ಓಡಾಡಲು ಜಾಗವಿಲ್ಲ. ಮುರಿದ ಮೂಳೆಯಲ್ಲಿ ಊದಿಕೊಂಡ ನೀರು ಆರಾಮಾಗಿ ಓಡಾಡುತ್ತದೆ. ಎಡಿಸಿ ಅನ್ನುವ ಸಂಖ್ಯೆ ಕಡಿಮೆ ಬಂದರೆ ಓಡಾಟ ಕಡಿಮೆ, ಅಂದರೆ ಅನುಮಾನ. ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗೆ ಕಂಡ ತಕ್ಷಣ ಕ್ಯಾನ್ಸರ್ ಅಂದುಕೊಳ್ಳುವುದು ತಪ್ಪು. ಎಡಿಸಿ ನೋಡದೆ ಆ ಬಿಳುಪಿಗೆ ಅರ್ಥ ಇಲ್ಲ. ಕೀವಿನಲ್ಲೂ ನೀರು ಸಿಕ್ಕಿಹಾಕಿಕೊಳ್ಳುತ್ತದೆ, ಹಾಗಾಗಿ ಗಡ್ಡೆಯೋ ಸೋಂಕೋ ಅನ್ನುವ ಪ್ರಶ್ನೆಗೆ ಡಿಫ್ಯೂಷನ್ ಒಂದೇ ಸಾಲದು.

ಸೋಂಕಿನ ವಿಷಯ. ಮಾಮೂಲಿ ಬ್ಯಾಕ್ಟೀರಿಯಾ ಸೋಂಕು ಡಿಸ್ಕ್ ಅನ್ನು ಬಿಡುವುದಿಲ್ಲ. ಡಿಸ್ಕ್ ಮತ್ತು ಅದರ ಮೇಲಿನ ಕೆಳಗಿನ ಎರಡು ಮಣಿ ಒಟ್ಟಿಗೆ ಹಾಳಾಗುತ್ತವೆ. ಕ್ಯಾನ್ಸರ್ ಸಾಮಾನ್ಯವಾಗಿ ಮಣಿಯನ್ನು ತಿಂದು ಡಿಸ್ಕ್ ಅನ್ನು ಹಾಗೇ ಬಿಡುತ್ತದೆ. ಈ ನಿಯಮವನ್ನು ಮುರಿಯುವುದು ಟಿಬಿ. ಅದು ಬಹಳ ದಿನ ಡಿಸ್ಕ್ ಮುಟ್ಟದೆ, ಮಣಿಯೊಳಗೇ ಕೂತು, ಕಂಬಗಳವರೆಗೂ ಹೋಗಿ ಥೇಟ್ ಕ್ಯಾನ್ಸರ್ ಥರ ಕಾಣುತ್ತದೆ. ನನ್ನ ಕೆಲಸದ ಶುರುವಿನ ವರ್ಷಗಳಲ್ಲಿ ಇಂತಹದೇ ಒಂದು ಸ್ಕ್ಯಾನ್‌ಗೆ ‘ಹರಡಿದ ಕ್ಯಾನ್ಸರ್ ಇರಬಹುದು’ ಅಂತ ಬರೆದಿದ್ದೆ. ಬಯಾಪ್ಸಿಯಲ್ಲಿ ಟಿಬಿ ಅಂತ ಬಂತು. ಔಷಧಿಯಿಂದ ಆ ರೋಗಿ ಗುಣವಾದರು. ಆ ನಡುವಿನ ಹತ್ತು ದಿನ ಆ ಮನೆಯವರು ಹೇಗೆ ಕಳೆದರೋ ಅನ್ನುವುದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಅದಾದ ಮೇಲೆ ಪಕ್ಕದ ಸ್ನಾಯುವಿನಲ್ಲಿ ತೆಳು ಗೋಡೆಯ ಕೀವುಗುಳ್ಳೆ ಇದೆಯಾ, ಅಸ್ಥಿಬಂಧದ ಕೆಳಗೆ ಸೋಂಕು ಜಾರಿಕೊಂಡು ಹೋಗಿದೆಯಾ ಅಂತ ಎರಡೆರಡು ಸಲ ನೋಡದೆ ನಾನು ರಿಪೋರ್ಟ್ ಮುಗಿಸುವುದಿಲ್ಲ. ನಿಮ್ಮ ತಾಯಿಗೆ ಜ್ವರ, ರಾತ್ರಿ ಬೆವರು ಇಲ್ಲದಿದ್ದರೆ, ಇಎಸ್‌ಆರ್ ಮತ್ತು ಸಿಆರ್‌ಪಿ ಅನ್ನುವ, ಉರಿಯೂತ ತೋರಿಸುವ ರಕ್ತಪರೀಕ್ಷೆ ಮಾಮೂಲಾಗಿದ್ದರೆ ಸೋಂಕಿನ ಸಾಧ್ಯತೆ ಬಹಳ ಇಳಿಯುತ್ತದೆ. ಸಕ್ಕರೆ ಕಾಯಿಲೆ ಇರುವುದರಿಂದ ಈ ಪರೀಕ್ಷೆ ಬಿಡಬೇಡಿ.

ಇನ್ನು ಎಲ್2ರ ಆ ಬಿಳಿ ಚುಕ್ಕೆ. ನೀವು ಬರೆದ ಒಂದು ವಿವರ ನನಗೆ ಧೈರ್ಯ ಕೊಟ್ಟಿತು: ಟಿ1ರಲ್ಲೂ ಬೆಳ್ಳಗೆ, ಟಿ2ರಲ್ಲೂ ಬೆಳ್ಳಗೆ. ಟಿ1ರಲ್ಲಿ ಬೆಳ್ಳಗೆ ಅಂದರೆ ಸಾಮಾನ್ಯವಾಗಿ ಅಲ್ಲಿ ಕೊಬ್ಬು ಇದೆ ಅಂತ. ಇದು ಬಹುಪಾಲು ಹೀಮ್ಯಾಂಜಿಯೋಮಾ, ರಕ್ತನಾಳಗಳ ಒಂದು ನಿರುಪದ್ರವಿ ಗಂಟು. ಹತ್ತು ಜನರಲ್ಲಿ ಸುಮಾರು ಒಬ್ಬರ ಬೆನ್ನಿನಲ್ಲಿ ಇರುತ್ತದೆ. ಹೆಚ್ಚಿನವರಿಗೆ ಜೀವಮಾನವಿಡೀ ಗೊತ್ತೇ ಆಗುವುದಿಲ್ಲ. ಕೊಬ್ಬು ಅಡಗಿಸುವ ಸೀಕ್ವೆನ್ಸ್‌ನಲ್ಲಿ ಆ ಚುಕ್ಕೆ ಮಂಕಾದರೆ ವಿಷಯ ಹೆಚ್ಚುಕಡಿಮೆ ಮುಗಿದಂತೆ. ಕೊಬ್ಬು ಕಡಿಮೆ ಇರುವ ಹೀಮ್ಯಾಂಜಿಯೋಮಾ ಮಾತ್ರ ಕ್ಯಾನ್ಸರ್ ಥರ ಕಂಡು ಗಾಬರಿ ಹುಟ್ಟಿಸುತ್ತದೆ. ನಿಮ್ಮ ರಿಪೋರ್ಟಿನ ಚುಕ್ಕೆ ಆ ಗುಂಪಿನದಲ್ಲ.

ಇಂಜೆಕ್ಷನ್ ಬಗ್ಗೆ ಎರಡು ವಿಷಯ. ಒಂದು, ಮೇಲೆ ಹೇಳಿದ ಕೆಮಿಕಲ್ ಶಿಫ್ಟ್, ಡಿಫ್ಯೂಷನ್ ಎರಡಕ್ಕೂ ಇಂಜೆಕ್ಷನ್ ಬೇಕಿಲ್ಲ. ಎರಡೂ ಸೇರಿ ಕೆಲವು ನಿಮಿಷದ ಕೆಲಸ. ಇದನ್ನು ಬಹಳ ಜನರಿಗೆ ಯಾರೂ ಹೇಳುವುದೇ ಇಲ್ಲ. ಕಾಂಟ್ರಾಸ್ಟ್, ಅಂದರೆ ಆ ಇಂಜೆಕ್ಷನ್, ಕೊಟ್ಟರೆ ಮುರಿದ ಮೂಳೆಯೂ ಹೊಳೆಯುತ್ತದೆ, ಗಡ್ಡೆಯೂ ಹೊಳೆಯುತ್ತದೆ. ಕೀವುಗುಳ್ಳೆ ಹುಡುಕಲು, ಬೆನ್ನುಹುರಿಯ ಸುತ್ತ ಏನಾದರೂ ಬೆಳೆದಿದೆಯಾ ಅಂತ ನೋಡಲು ಅದರ ಉಪಯೋಗ ಜಾಸ್ತಿ. ಎರಡನೆಯದು ಕಿಡ್ನಿಯ ಭಯ. ಎಂಆರ್‌ಐಗೆ ಕೊಡುವುದು ಗ್ಯಾಡೋಲಿನಿಯಂ. ಸಿಟಿ ಸ್ಕ್ಯಾನ್‌ಗೆ ಕೊಡುವ ಅಯೋಡಿನ್ ಔಷಧಿ ಬೇರೆ, ಇದು ಬೇರೆ. ಕಿಡ್ನಿ ತೀರಾ ಕೆಟ್ಟವರಲ್ಲಿ ಗ್ಯಾಡೋಲಿನಿಯಂನಿಂದ ಚರ್ಮ ಕಲ್ಲಿನಂತಾಗುವ ಒಂದು ಕಾಯಿಲೆ ಬರುತ್ತದೆ ಅಂತ 2006ರಲ್ಲಿ ಬೆಳಕಿಗೆ ಬಂತು. ಆಮೇಲೆ ಆ ಹಳೆಯ ಬಗೆಯ ಔಷಧಿಗಳನ್ನು ಅನೇಕ ಕಡೆ ಬಿಟ್ಟಿದ್ದಾರೆ. ಹೊಸ ಬಗೆಯವುಗಳಲ್ಲಿ ಆ ಅಪಾಯ ಅತ್ಯಲ್ಪ. ಆದರೂ ಸಕ್ಕರೆ ಕಾಯಿಲೆ ಇರುವುದರಿಂದ ಮೊದಲು ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಹೇಳುವ ಇಜಿಎಫ್‌ಆರ್ ನೋಡಿ. 30ಕ್ಕಿಂತ ಕೆಳಗಿದ್ದರೆ ಇಂಜೆಕ್ಷನ್ ನಿಜಕ್ಕೂ ಬೇಕಾ ಅಂತ ವೈದ್ಯರ ಜೊತೆ ಕೂತು ಮಾತಾಡಬೇಕು. ಗ್ಯಾಡೋಲಿನಿಯಂ ಅತಿ ಸಣ್ಣ ಪ್ರಮಾಣದಲ್ಲಿ ದೇಹದಲ್ಲಿ ಉಳಿಯುವುದೂ ನಿಜ. ಅದರಿಂದ ಹಾನಿಯಾದ ಪುರಾವೆ ಸಿಕ್ಕಿಲ್ಲ. ಆದರೆ ಸುಮ್ನೆ ಇರಲಿ ಅಂತ ಕೊಡಿಸುವಂಥದ್ದೂ ಅಲ್ಲ.

ಪರ್ಫ್ಯೂಷನ್, ಸ್ಪೆಕ್ಟ್ರೋಸ್ಕೋಪಿ ಅನ್ನುವ ಹೆಸರುಗಳನ್ನೂ ನೀವು ಕೇಳಬಹುದು. ಪರ್ಫ್ಯೂಷನ್ ರಕ್ತದ ಹರಿವು ಅಳೆಯುತ್ತದೆ, ಕೆಲವು ಸಲ ಸಹಾಯವಾಗುತ್ತದೆ. ಸ್ಪೆಕ್ಟ್ರೋಸ್ಕೋಪಿ ಆ ಜಾಗದ ರಾಸಾಯನಿಕಗಳನ್ನು ಅಳೆಯುತ್ತದೆ, ಮೆದುಳಿನಲ್ಲಿ ಚೆನ್ನಾಗಿ ನಡೆಯುತ್ತದೆ, ಬೆನ್ನಿನಲ್ಲಿ ಉಸಿರಾಟದ ಅಲುಗಾಟ ಮತ್ತು ಸುತ್ತಲಿನ ಮೂಳೆಯಿಂದಾಗಿ ಕಷ್ಟ. ಅಮ್ಮನಿಗೆ ಅದರ ಅಗತ್ಯ ನನಗೆ ಕಾಣುತ್ತಿಲ್ಲ.

ಇದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳುವ ಓದುಗರೂ ಇದ್ದಾರೆ, ಅವರಿಗಾಗಿ ಒಂದು ಮಾತು. ಗೊಂದಲ ಬೆನ್ನುಹುರಿಯ ಒಳಗೂ ಆಗುತ್ತದೆ, ಅಲ್ಲಿ ತಪ್ಪಿನ ಬೆಲೆ ಇನ್ನೂ ದೊಡ್ಡದು. ಹುರಿ ಊದಿಕೊಂಡು ಹೊಳೆಯುತ್ತಿದ್ದರೆ ಗಡ್ಡೆ ಇರಬಹುದು. ಮಲ್ಟಿಪಲ್ ಸ್ಕ್ಲೆರೋಸಿಸ್ (ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಹೊದಿಕೆ ಕೆಡಿಸುವ ಕಾಯಿಲೆ) ಇರಬಹುದು, ಅದರ ಮಚ್ಚೆಗಳು ಸಾಮಾನ್ಯವಾಗಿ ಎರಡು ಮಣಿಯ ಉದ್ದವನ್ನೂ ದಾಟುವುದಿಲ್ಲ. ನ್ಯೂರೋಮೈಲೈಟಿಸ್ ಆಪ್ಟಿಕಾ (ಕಣ್ಣಿನ ನರ ಮತ್ತು ಬೆನ್ನುಹುರಿಗೆ ಬರುವ ಅಂಥದೇ ಕಾಯಿಲೆ) ಇರಬಹುದು, ಅದು ಮೂರು ಮಣಿ ಅಥವಾ ಅದಕ್ಕಿಂತ ಉದ್ದ ಹೋಗುವುದೇ ಜಾಸ್ತಿ. ಬಿ12 ಕೊರತೆಯೂ ಹುರಿಯಲ್ಲಿ ಬಿಳಿ ಪಟ್ಟಿ ಮೂಡಿಸುತ್ತದೆ. ಗಡ್ಡೆಯಲ್ಲದ ಈ ಮೂರಕ್ಕೂ ಔಷಧಿ ಇದೆ. ಗಡ್ಡೆ ಅಂದುಕೊಂಡು ಹುರಿಯಿಂದ ತುಂಡು ತೆಗೆದರೆ ಆದ ಹಾನಿಯನ್ನು ಸರಿಮಾಡಲು ಆಗುವುದಿಲ್ಲ. ಹಾಗಾಗಿ ಅಲ್ಲಿ ಮೆದುಳಿನ ಎಂಆರ್‌ಐ, ರಕ್ತಪರೀಕ್ಷೆ, ಬೆನ್ನುನೀರಿನ ಪರೀಕ್ಷೆ ಮೊದಲು. ಚಾಕು ಆಮೇಲೆ.

ಈಗ ಬಯಾಪ್ಸಿ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಊರೆಲ್ಲ ಹರಡುತ್ತದೆ ಅನ್ನುವ ಮಾತಿಗೆ ನಿಮ್ಮ ತಾಯಿಯಂಥವರ ವಿಷಯದಲ್ಲಿ ಆಧಾರ ಇಲ್ಲ. ಸ್ತನದಿಂದ ರಕ್ತದ ಮೂಲಕ ಮೂಳೆಗೆ ಬಂದ ಕ್ಯಾನ್ಸರ್‌ಗೆ ಸೂಜಿಯ ದಾರಿ ಬೇಕಿಲ್ಲ. ಈ ಭಯದಲ್ಲಿ ನಿಜದ ಒಂದು ಎಳೆ ಇರುವುದು ಮೂಳೆಯಲ್ಲೇ ಹುಟ್ಟುವ ಕೋರ್ಡೋಮಾದಂತಹ ಅಪರೂಪದ ಗಡ್ಡೆಗಳ ವಿಷಯದಲ್ಲಿ. ಅಲ್ಲಿ ಸೂಜಿ ಹೋದ ದಾರಿಯನ್ನೂ ಆಪರೇಷನ್‌ನಲ್ಲಿ ತೆಗೆಯಬೇಕಾಗುತ್ತದೆ, ಅದಕ್ಕೆ ಶಸ್ತ್ರವೈದ್ಯರ ಜೊತೆ ಮಾತಾಡಿಯೇ ಚುಚ್ಚುವ ಜಾಗ ಆರಿಸುತ್ತೇವೆ. ಬಯಾಪ್ಸಿಯ ನಿಜವಾದ ಅಪಾಯಗಳು ಬೇರೆ: ರಕ್ತಸ್ರಾವ, ನರಕ್ಕೆ ಪೆಟ್ಟು, ಎದೆಭಾಗದಲ್ಲಿ ಶ್ವಾಸಕೋಶಕ್ಕೆ ತಗಲುವುದು. ಸಿಟಿ ನೋಡಿಕೊಂಡು ಮಾಡುವುದರಿಂದ ಇವು ಕಡಿಮೆ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ತಿಳಿಸಿ. ಇನ್ನೊಂದು ಸಾಧ್ಯತೆ, ಸಿಕ್ಕ ತುಣುಕಿನಲ್ಲಿ ಉತ್ತರವೇ ಇಲ್ಲದಿರುವುದು. ಆಗ ಮತ್ತೊಮ್ಮೆ ಚುಚ್ಚಬೇಕಾಗುತ್ತದೆ.

ಎಂಆರ್‌ಐ ಪೂರ್ತಿಯಾಗಿ ಕ್ಯಾನ್ಸರ್ ಕಡೆ ಬೊಟ್ಟು ಮಾಡಿದರೂ ಬಯಾಪ್ಸಿ ಸಾಮಾನ್ಯವಾಗಿ ಬೇಕಾಗುತ್ತದೆ. ಒಂಬತ್ತು ವರ್ಷದಲ್ಲಿ ಗಡ್ಡೆಯ ಹಾರ್ಮೋನ್ ಗುಣ ಬದಲಾಗಿರಬಹುದು, ಯಾವ ಔಷಧಿ ಅನ್ನುವುದು ಅದರ ಮೇಲೆ ನಿಂತಿದೆ. ಯಾವ ಕ್ಯಾನ್ಸರ್ ಅನ್ನುವುದನ್ನು ಚಿತ್ರ ಹೇಳಲಾರದು. ಹಾಗೆಯೇ, ಕಾರಣ ಗೊತ್ತಾಗುವ ಮೊದಲು ‘ನೋಡೋಣ’ ಅಂತ ಆ್ಯಂಟಿಬಯಾಟಿಕ್ ಅಥವಾ ಸ್ಟೀರಾಯ್ಡ್ ಶುರು ಮಾಡಲು ಯಾರಾದರೂ ಹೇಳಿದರೆ ಯಾಕೆ ಅಂತ ಕೇಳಿ. ಆ್ಯಂಟಿಬಯಾಟಿಕ್ ತೆಗೆದುಕೊಂಡ ಮೇಲೆ ರೋಗಾಣು ಬೆಳೆಯದೆ ಹೋಗಬಹುದು. ಸ್ಟೀರಾಯ್ಡ್‌ನಿಂದ ಲಿಂಫೋಮಾ ಅನ್ನುವ ರಕ್ತದ ಕ್ಯಾನ್ಸರ್ ಕರಗಿ ಬಯಾಪ್ಸಿ ಖಾಲಿ ಬರಬಹುದು. ಹುರಿ ಒತ್ತಿಹೋಗುತ್ತಿರುವ ತುರ್ತಿನಲ್ಲಿ ಮಾತ್ರ ಲೆಕ್ಕ ಬೇರೆ.

ನನ್ನ ತಾಯಿಯೇ ಆಗಿದ್ದರೆ ನಾನು ಏನು ಮಾಡುತ್ತಿದ್ದೆ ಅಂತ ಹೇಳುತ್ತೇನೆ. ಮೊದಲು ಹಳೆಯ ಸ್ಕ್ಯಾನ್‌ಗಳ ಸಿಡಿ ಹುಡುಕುತ್ತಿದ್ದೆ. ಕ್ಯಾನ್ಸರ್ ಚಿಕಿತ್ಸೆಯ ಹೊತ್ತಿನಲ್ಲಿ ಎದೆ ಮತ್ತು ಹೊಟ್ಟೆಯ ಸಿಟಿ ಅಥವಾ ಪೆಟ್ ಸ್ಕ್ಯಾನ್ ಮಾಡಿಸಿದ್ದರೆ ಡಿ12, ಎಲ್2 ಎರಡೂ ಅದರಲ್ಲಿ ಸೆರೆಯಾಗಿರುತ್ತವೆ. ಒಂಬತ್ತು ವರ್ಷದ ಹಿಂದೆಯೂ ಎಲ್2ರ ಚುಕ್ಕೆ ಅಷ್ಟೇ ಇತ್ತು ಅಂತ ಗೊತ್ತಾದರೆ, ಯಾವ ಹೊಸ ಸೀಕ್ವೆನ್ಸ್ ಕೊಡುವುದಕ್ಕಿಂತ ಗಟ್ಟಿ ಉತ್ತರ ಅದು. ಆಮೇಲೆ ರಕ್ತಪರೀಕ್ಷೆ: ಇಎಸ್‌ಆರ್, ಸಿಆರ್‌ಪಿ, ಕ್ಯಾಲ್ಸಿಯಂ, ಕ್ರಿಯಾಟಿನಿನ್, ಮೈಲೋಮಾ ಹುಡುಕಲು ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್. ಮೂಳೆ ಸಾಂದ್ರತೆಗೆ ಡೆಕ್ಸಾ. ಅದರ ಜೊತೆಗೆ ಎಂಆರ್‌ಐ, ಚೀಟಿಯಲ್ಲಿ ‘ಹಿಂದೆ ಸ್ತನ ಕ್ಯಾನ್ಸರ್, ಐದು ವರ್ಷ ಲೆಟ್ರೋಜೋಲ್, ಡಿ12 ಮುರಿತ ಸವೆತದ್ದೋ ಕ್ಯಾನ್ಸರ್‌ನದ್ದೋ, ಇಡೀ ಬೆನ್ನು, ಡಿಫ್ಯೂಷನ್ ಮತ್ತು ಕೆಮಿಕಲ್ ಶಿಫ್ಟ್ ಸೇರಿಸಿ’ ಅಂತ ವೈದ್ಯರಿಂದ ಬರೆಸಿಕೊಂಡು. ಸುಮ್ನೆ ‘ಬೆನ್ನು ನೋವು’ ಅಂತ ಬರೆದ ಚೀಟಿಯಿಂದ ಸುಮ್ನೆ ಬೆನ್ನಿನ ಚಿತ್ರವೇ ಬರುತ್ತದೆ. ಇಡೀ ಬೆನ್ನು ಯಾಕೆ ಅಂದರೆ, ಕ್ಯಾನ್ಸರ್ ಒಂದೇ ಮಣಿಯಲ್ಲಿ ನಿಲ್ಲುವುದು ಕಡಿಮೆ.

ಎಲ್ಲ ಸುಳಿವೂ ಸವೆತದ ಕಡೆ ತೋರಿಸಿದರೆ ಆರರಿಂದ ಎಂಟು ವಾರ ಬಿಟ್ಟು ಮತ್ತೊಂದು ಎಂಆರ್‌ಐ ಸಾಕು. ಮುರಿತ ಮಾಗುತ್ತಿದ್ದರೆ ಕಪ್ಪಾಗಿದ್ದ ಮಜ್ಜೆ ಮೆಲ್ಲಗೆ ಬೆಳ್ಳಗಾಗಲು ಶುರುವಾಗಿರುತ್ತದೆ. ಕಾಯುವುದರಲ್ಲಿ ಅಪಾಯ ಇಲ್ಲ ಅಂತ ನಾನು ಹೇಳುವುದಿಲ್ಲ. ಕ್ಯಾನ್ಸರ್ ಆಗಿದ್ದರೆ ಎರಡು ತಿಂಗಳು ತಡವಾಗುತ್ತದೆ. ಅದಕ್ಕೇ ಸುಳಿವುಗಳು ಒಂದಕ್ಕೊಂದು ಹೊಂದದಿದ್ದರೆ, ಒಂದು ಸಂಖ್ಯೆ ಹೀಗೆ, ಇನ್ನೊಂದು ಹಾಗೆ ಇದ್ದರೆ, ಕಾಯದೆ ಬಯಾಪ್ಸಿ ಮಾಡಿಸಿ. ನಿಮಗೆ ಸಲಹೆ ಕೊಟ್ಟ ಇಬ್ಬರು ವೈದ್ಯರೂ ತಪ್ಪು ಹೇಳಿಲ್ಲ. ಯಾವುದು ಮೊದಲು ಅನ್ನುವುದಷ್ಟೇ ವ್ಯತ್ಯಾಸ. ನಿಮ್ಮ ತಾಯಿಯ ಕಾಲಿನ ಶಕ್ತಿ ಸರಿಯಿರುವುದರಿಂದ, ಹೆಚ್ಚುವರಿ ಎಂಆರ್‌ಐ ಈ ವಾರವೇ ಆಗುವುದಾದರೆ ನನ್ನ ಮತ ಅದಕ್ಕೆ. ತಿಂಗಳುಗಟ್ಟಲೆ ಕಾಯಬೇಕು ಅಂದರೆ ನೇರ ಬಯಾಪ್ಸಿಯೇ ಮೇಲು.

ಅಲ್ಲಿಯವರೆಗೆ ಅಮ್ಮ ಬಗ್ಗಿ ಏನನ್ನೂ ಎತ್ತುವುದು ಬೇಡ. ಬೆನ್ನಿಗೆ ಎಣ್ಣೆ ಹಾಕಿ ಒತ್ತಿ ತಿಕ್ಕಿಸುವುದು, ನೀವಿಸುವುದು ಖಂಡಿತ ಬೇಡ. ಹಾಗಂತ ದಿನವಿಡೀ ಮಲಗಿಸಿಯೂ ಇಡಬೇಡಿ. ನೋವು ತಡೆಯುವಷ್ಟು ಮನೆಯೊಳಗೆ ಓಡಾಡಲಿ, ಪಕ್ಕಕ್ಕೆ ಹೊರಳಿ ಕೈ ಊರಿ ಏಳಲಿ. ದಿನಕ್ಕೆರಡು ಸಲ ಹಿಮ್ಮಡಿಯ ಮೇಲೆ, ಆಮೇಲೆ ತುದಿಗಾಲಿನ ಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡಿ, ಪಕ್ಕದಲ್ಲಿ ನೀವು ಕೈ ಹಿಡಿದುಕೊಂಡು. ನಿನ್ನೆ ಆದದ್ದು ಇವತ್ತು ಆಗದಿದ್ದರೆ ತಕ್ಷಣ ಹೊರಡಿ, ನಿಮ್ಮ ಸರದಿಯ ದಿನಕ್ಕೆ ಕಾಯಬೇಡಿ.